ಗಿಟಾರಿನ ಕತ್ತು ಸೇರುವ ಜಾಗ

ಗಿಟಾರ್ ಕೊಳ್ಳಲು ಹೋದವರು ಮೊದಲು ನೋಡುವುದು ಬಣ್ಣ, ಆಮೇಲೆ ಹೊಳಪು. ಜತೆಗೆ ಬಂದ ಅಪ್ಪ ಬೆಲೆಯ ಚೀಟಿ ನೋಡುತ್ತಾನೆ, ಅಮ್ಮ ಇದನ್ನು ಮನೆಯಲ್ಲಿ ಎಲ್ಲಿಡುವುದು ಎಂದು ಯೋಚಿಸುತ್ತಾಳೆ. ಮಗನೋ ಮಗಳೋ ಒಂದೆರಡು ತಂತಿ ಮೀಟಿ ತಲೆಯಾಡಿಸಿದರೆ ವ್ಯಾಪಾರ ಮುಗಿಯಿತು. ವಾದ್ಯವನ್ನು ಮಗುಚಿ, ಅದರ ಉದ್ದನೆಯ ಕತ್ತು ಟೊಳ್ಳು ಒಡಲಿಗೆ ಬಂದು ಸೇರುವ ಜಾಗದಲ್ಲಿ ಬೆರಳಾಡಿಸಿ ನೋಡುವವರು ನೂರಕ್ಕೊಬ್ಬರೂ ಸಿಗಲಾರರು. ಆದರೆ ಆ ವಾದ್ಯದ ಆಯುಷ್ಯ ಬರೆದಿರುವುದು ಅಲ್ಲೇ.

ಲೆಕ್ಕ ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಉಕ್ಕಿನ ತಂತಿಯ ಸಾಧಾರಣ ಗಿಟಾರಿನ ಆರೂ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವೆಲ್ಲ ಸೇರಿ ಎಳೆಯುವ ಬಲ ಸುಮಾರು 70 ಕಿಲೋ. ಆರೋಗ್ಯವಾಗಿರುವ ಒಬ್ಬ ಗಂಡಸು ಕತ್ತಿನ ತುದಿಗೆ ಜೋತುಬಿದ್ದು, ವಾದ್ಯವನ್ನು ಎರಡಾಗಿ ಮಡಚಲು ಹಗಲೂ ರಾತ್ರಿ ಪ್ರಯತ್ನ ಮಾಡಿದಂತೆ. ನೈಲಾನ್ ತಂತಿಯದ್ದಾದರೆ ಎಳೆತ 40 ಕಿಲೋ ಆಚೀಚೆ. ಯಾರೂ ಬಾರಿಸದೆ ಗೋಡೆಗೆ ತೂಗುಹಾಕಿದ್ದರೂ ಈ ಎಳೆತಕ್ಕೆ ರಜೆ ಇಲ್ಲ. ಇಷ್ಟನ್ನು ತಡೆದುಕೊಳ್ಳಬೇಕಾದದ್ದು ಅಂಗೈ ಅಗಲದ ಒಂದು ಬೆಸುಗೆ. ಮುಂದೆ ಇರುವ ಹಲಗೆಯೋ, ಎರಡೂವರೆ ಮೂರು ಮಿಲಿಮೀಟರ್ ದಪ್ಪದ್ದು. ದಪ್ಪ ಮಾಡಿದರೆ ಗಟ್ಟಿಯಾಗುತ್ತದೆ, ಆದರೆ ನಾದ ಸತ್ತುಹೋಗುತ್ತದೆ. ಗಿಟಾರ್ ಮಾಡುವವರ ವಿದ್ಯೆಯೆಲ್ಲ ಈ ಇಕ್ಕಟ್ಟಿನಲ್ಲಿದೆ.

ನಾನು ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಗಣಿತ ಪಾಠ ಹೇಳಿದವಳು. ಸಂಗೀತ ಗೊತ್ತಿಲ್ಲ. ಈ ವಿಷಯಕ್ಕೆ ನಾನು ಬಂದದ್ದು ನನ್ನ ತಮ್ಮನ ಗಿಟಾರಿನ ದೆಸೆಯಿಂದ. ಆ ಕತೆ ಹೇಳುವ ಮುಂಚೆ ವೀಣೆಯ ಮಾತು ಒಂದಿಷ್ಟು ಆಡಬೇಕು, ಏಕೆಂದರೆ ನಮ್ಮ ಕಡೆ ಈ ಪ್ರಶ್ನೆಯನ್ನು ಮೊದಲು ಎದುರಿಸಿದವರು ವೀಣೆ ಮಾಡುವವರು.

ವೀಣೆಯಲ್ಲಿ ಎರಡು ಬಗೆ. ಕೊಡ, ದಂಡಿ, ತುದಿಯ ಯಾಳಿಮುಖ ಇವನ್ನು ಬೇರೆ ಬೇರೆಯಾಗಿ ಕೆತ್ತಿ ಜೋಡಿಸಿದ್ದು ಒಂದು. ಹಲಸಿನ ಮರದ ಒಂದೇ ದಿಮ್ಮಿಯಿಂದ ಇಡೀ ವಾದ್ಯವನ್ನು ಕೆತ್ತಿ ತೆಗೆದದ್ದು ಇನ್ನೊಂದು. ಇದಕ್ಕೆ ಏಕಾಂಡ ವೀಣೆ ಎನ್ನುತ್ತಾರೆ. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವ ಮನೆಗಳಿವೆ. ಏಕಾಂಡಕ್ಕೆ ಬೆಲೆ ಹೆಚ್ಚು, ಗೌರವವೂ ಹೆಚ್ಚು. ಅಷ್ಟುದ್ದದ, ಗಂಟಿಲ್ಲದ, ಕೊಡ ಬಿಡಿಸುವಷ್ಟು ದಪ್ಪದ ಹಲಸು ಸಿಗಬೇಕು. ಸಿಕ್ಕಿದ್ದರಲ್ಲಿ ಬಹುಪಾಲನ್ನು ಚಕ್ಕೆ ಮಾಡಿ ಎಸೆಯಬೇಕು. ಜೋಡಣೆಯೇ ಇಲ್ಲದ ಮೇಲೆ ಜೋಡಣೆ ಬಿಡುವ ಭಯವೆಲ್ಲಿ?

ಗಿಟಾರಿಗೆ ಈ ದಾರಿ ಇಲ್ಲ. ಅದರ ಒಡಲು ಕೆತ್ತಿ ತೆಗೆದದ್ದಲ್ಲ, ಕಟ್ಟಿದ್ದು. ತೆಳುವಾದ ಪಟ್ಟಿಗಳನ್ನು ಬಿಸಿ ತಾಗಿಸಿ ಬಗ್ಗಿಸಿ ಪಕ್ಕಗಳನ್ನು ಮಾಡಿ, ಮೇಲೊಂದು ಕೆಳಗೊಂದು ಹಲಗೆ ಅಂಟಿಸಿದ ಪೆಟ್ಟಿಗೆ ಅದು. ಪೆಟ್ಟಿಗೆಗೆ ಕತ್ತನ್ನು ಹೊರಗಿನಿಂದ ತಂದು ಸೇರಿಸಲೇಬೇಕು. ಹೇಗೆ ಸೇರಿಸುವುದು ಎಂಬುದಕ್ಕೆ ಒಂದೊಂದು ದೇಶದವರು ಒಂದೊಂದು ಉತ್ತರ ಕೊಟ್ಟರು.

ಸ್ಪೇನಿನವರದು ಬಹಳ ಹಳೆಯ ಉತ್ತರ. ಅವರು ಪೆಟ್ಟಿಗೆ ಮಾಡಿ ಕತ್ತು ಸೇರಿಸುವುದಿಲ್ಲ. ಕತ್ತನ್ನು ಮೊದಲು ಮಾಡಿಕೊಂಡು ಅದರ ಸುತ್ತ ಪೆಟ್ಟಿಗೆ ಕಟ್ಟುತ್ತಾರೆ. ಕತ್ತಿನ ಬುಡದ ದಿಮ್ಮಿಯಲ್ಲಿ ಎರಡೂ ಕಡೆ ಸೀಳು ಕೊರೆದು, ಬಗ್ಗಿಸಿದ ಪಕ್ಕದ ಪಟ್ಟಿಗಳ ತುದಿಯನ್ನು ಆ ಸೀಳಿನೊಳಗೆ ತೂರಿಸಿ ಅಂಟಿಸುತ್ತಾರೆ. ಇಂದಿನ ಶಾಸ್ತ್ರೀಯ ಗಿಟಾರಿನ ರೂಪ ನಿಲ್ಲಿಸಿದವನೆಂದು ಹೆಸರಾದ ಆಂಟೋನಿಯೊ ಡಿ ಟೊರೆಸ್ (1817–1892) ಕಟ್ಟುತ್ತಿದ್ದದ್ದು ಹೀಗೆಯೇ. ಒಳ್ಳೆಯ ಶಾಸ್ತ್ರೀಯ ಗಿಟಾರುಗಳನ್ನು ಈಗಲೂ ಹೀಗೆ ಮಾಡುವವರಿದ್ದಾರೆ. ಗಟ್ಟಿ ಕೆಲಸ, ನೋಡಲೂ ಚೆಂದ. ಒಂದೇ ತೊಂದರೆ: ಕತ್ತು ಬಾಗಿತೆಂದು ಬಿಚ್ಚಿ ಸರಿಮಾಡಲು ಅಲ್ಲಿ ಬಿಚ್ಚುವಂಥದ್ದು ಏನೂ ಇಲ್ಲ. ಕರುಳಿನ ತಂತಿ, ಆಮೇಲೆ 1940ರ ದಶಕದಲ್ಲಿ ಬಂದ ನೈಲಾನ್ ತಂತಿ, ಇವುಗಳ ಎಳೆತ ಕಡಿಮೆಯಾದ್ದರಿಂದ ಅವರಿಗೆ ಅದು ಅಷ್ಟಾಗಿ ಬಾಧಿಸಲಿಲ್ಲ.

ವಿಯೆನ್ನಾದ ಯೋಹಾನ್ ಗೆಯಾರ್ಗ್ ಸ್ಟಾಫರ್ ಎಂಬಾತ ಇನ್ನೂ ಜಾಣ. ಅವನ ಗಿಟಾರಿನ ಕತ್ತಿನ ಬುಡದಲ್ಲಿ ಒಂದು ರಂಧ್ರ. ಅದರೊಳಗೆ ಗಡಿಯಾರಕ್ಕೆ ಕೀಲಿ ಕೊಡುವಂತೆ ಕೀಲಿ ತೂರಿಸಿ ತಿರುಗಿಸಿದರೆ ಕತ್ತು ಹಿಂದಕ್ಕೋ ಮುಂದಕ್ಕೋ ವಾಲುತ್ತಿತ್ತು. ಆ ಪದ್ಧತಿಯನ್ನು ತಲೆಯಲ್ಲಿಟ್ಟುಕೊಂಡು 1833ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದವನು ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್. ಅವನ ಮೊದಲ ದಿನಗಳ ಗಿಟಾರುಗಳಲ್ಲಿ ಆ ಕೀಲಿ ಇತ್ತು. ಪೆನ್ಸಿಲ್ವೇನಿಯಾದ ನಾಜರೆತ್ ಎಂಬ ಊರಿನಲ್ಲಿ ನೆಲೆನಿಂತ ಅವನ ಮನೆತನದ ಕಾರ್ಖಾನೆ ಕ್ರಮೇಣ ಬಡಗಿಗಳಿಗೆಲ್ಲ ಗೊತ್ತಿರುವ ಡವ್‌ಟೇಲ್ ಜೋಡಣೆಗೆ ಬಂತು. ಮೇಜಿನ ಡ್ರಾಯರಿನ ಮೂಲೆಯಲ್ಲಿ ನೀವು ಅದನ್ನು ನೋಡಿರುತ್ತೀರಿ: ಪಾರಿವಾಳದ ಬಾಲದಂತೆ ತುದಿಗೆ ಹೋದಂತೆ ಅಗಲವಾಗುವ ನಾಲಿಗೆ, ಅದಕ್ಕೆ ಸರಿಯಾದ ಗೂಡು. ಮೇಲಿನಿಂದ ಇಳಿಸಬಹುದು, ಮುಂದಕ್ಕೆ ಎಳೆದರೆ ಬರುವುದಿಲ್ಲ. ಅದರ ಮೇಲೆ ಬಿಸಿ ಮರವಜ್ರ, ಅಂದರೆ ಪ್ರಾಣಿಗಳ ಚರ್ಮ ಕುದಿಸಿ ಮಾಡಿದ ಅಂಟು.

ಇಪ್ಪತ್ತನೆಯ ಶತಮಾನದಲ್ಲಿ ಉಕ್ಕಿನ ತಂತಿ ಬಂದು ಎಳೆತ ಏರಿತು. 1929ರಲ್ಲಿ ಪೆರಿ ಬೆಕ್ಟೆಲ್ ಎಂಬ ಬ್ಯಾಂಜೊ ವಾದಕನ ಬೇಡಿಕೆಯ ಮೇರೆಗೆ ಮಾರ್ಟಿನ್ ಕಾರ್ಖಾನೆಯವರು ಕತ್ತನ್ನು ಇನ್ನೂ ಉದ್ದ ಮಾಡಿದರು. ಅಲ್ಲಿಯತನಕ 12ನೆಯ ಮೆಟ್ಟಿಲಿನ ಹತ್ತಿರ ಒಡಲು ಸೇರುತ್ತಿದ್ದ ಕತ್ತು ಈಗ 14ನೆಯದರಲ್ಲಿ ಸೇರಿತು. ಬಾರಿಸುವವರಿಗೆ ಅನುಕೂಲ, ಬೆಸುಗೆಗೆ ಕಷ್ಟ.

ಇಷ್ಟು ಹೊತ್ತು ಹೇಳಿದವರೆಲ್ಲ ಮರಗೆಲಸದವರು. ಮುಂದೆ ಬಂದವನು ರೇಡಿಯೊ ರಿಪೇರಿಯವನು. ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಎಂಬ ಊರಿನಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್‌ಗೆ ಗಿಟಾರ್ ಬಾರಿಸಲು ಬರುತ್ತಿರಲಿಲ್ಲ. ನನಗೆ ಈ ಸಂಗತಿ ತುಂಬ ಇಷ್ಟ. 1950ರಲ್ಲಿ ಅವನು ಮಾರುಕಟ್ಟೆಗೆ ತಂದ ವಿದ್ಯುತ್ ಗಿಟಾರಿನ ಒಡಲು ಟೊಳ್ಳಲ್ಲ, ಗಟ್ಟಿ ಹಲಗೆ. ಆ ಹಲಗೆಯಲ್ಲಿ ಕತ್ತಿನ ಬುಡ ಕೂರುವಷ್ಟು ಒಂದು ಗುಂಡಿ ತೆಗೆದು, ಕತ್ತನ್ನು ಅಲ್ಲಿ ಕೂರಿಸಿ, ಹಿಂದಿನಿಂದ ಲೋಹದ ತಗಡೊಂದನ್ನು ಇಟ್ಟು ನಾಲ್ಕು ಸ್ಕ್ರೂ ಬಿಗಿದ. ಮುಗಿಯಿತು. ಅಂಟಿಲ್ಲ, ಬಾಲವಿಲ್ಲ. ಬಾರಿಸಿ ಬಾರಿಸಿ ಮೆಟ್ಟಿಲು ಸವೆದರೆ ಕತ್ತು ಬಿಚ್ಚಿ ಬೇರೆ ಹಾಕಿ ಎಂಬುದು ರೇಡಿಯೊದಲ್ಲಿ ವಾಲ್ವ್ ಬದಲಾಯಿಸುತ್ತಿದ್ದವನ ಬುದ್ಧಿ. ಮರಗೆಲಸದವನಿಗೆ ಇದು ಹೊಳೆಯುತ್ತಿತ್ತೋ ಇಲ್ಲವೋ. ಅದನ್ನೇ ಈಗ ಟೆಲಿಕಾಸ್ಟರ್ ಎಂದು ಕರೆಯುತ್ತಾರೆ. 1954ರಲ್ಲಿ ಸ್ಟ್ರಾಟೊಕಾಸ್ಟರ್ ಬಂತು. ಇವಕ್ಕೆ ‘ಬೋಲ್ಟ್-ಆನ್’ ಎಂದು ಹೆಸರು, ಆದರೆ ಒಳಗಿರುವುದು ಬೋಲ್ಟಲ್ಲ, ಬಾಗಿಲ ತಿರುಗಣಿಗೆ ಹಾಕುವ ಜಾತಿಯದೇ ಮರದ ಸ್ಕ್ರೂ.

ಗಿಬ್ಸನ್ ಕಂಪನಿಯವರು 1952ರಲ್ಲಿ ತಮ್ಮ ಲೆಸ್ ಪಾಲ್ ಗಿಟಾರ್ ತಂದಾಗ ಹಳೆಯ ಮರ್ಯಾದೆ ಬಿಡದೆ ಕತ್ತನ್ನು ಅಂಟಿಸಿಯೇ ಕೂರಿಸಿದರು. ಇನ್ನು ಕೆಲವರು ಕತ್ತಿನ ಮರವನ್ನೇ ಒಡಲಿನ ಕೊನೆಯವರೆಗೆ ಉದ್ದಕ್ಕೆ ಹಾಯಿಸಿ, ಎರಡು ಪಕ್ಕಕ್ಕೂ ರೆಕ್ಕೆ ಅಂಟಿಸಿದರು. ಗಿಬ್ಸನ್ನಿನವರದೇ 1963ರ ಫೈರ್‌ಬರ್ಡ್ ಅಂಥದ್ದು. ನಮ್ಮ ಏಕಾಂಡ ವೀಣೆಯ ದೂರದ ನೆಂಟ ಎನ್ನಬಹುದು. ಇವುಗಳಲ್ಲಿ ಯಾವುದರ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಕಾಲೇಜು ಹುಡುಗರು ಗಂಟೆಗಟ್ಟಲೆ ಜಗಳವಾಡುತ್ತಾರೆ. ಅಂಟಿಸಿದ್ದೇ ಮೇಲು ಎಂದು ಒಬ್ಬ, ಸ್ಕ್ರೂ ಹಾಕಿದ್ದೇ ಚುರುಕು ಎಂದು ಇನ್ನೊಬ್ಬ. ಚಿಕ್ಕಮಗಳೂರಿನ ಕಾಫಿಯೋ ಕೊಡಗಿನದೋ ಎಂಬಂಥ ಜಗಳ ಅದು. ಬಾರಿಸುವ ಕೈ ಯಾವುದು ಎಂಬುದೇ ಮುಖ್ಯವೆಂದು ನನ್ನ ಅಂದಾಜು. ಗುಂಡಿಯಲ್ಲಿ ಕತ್ತು ಅಲುಗಾಡದೆ ಬಿಗಿಯಾಗಿ ಕೂತಿರಬೇಕು, ಅಷ್ಟೇ.

ಈಗ ನನ್ನ ತಮ್ಮನ ಗಿಟಾರಿನ ಸಂಗತಿ.

ಅವನು ಅದನ್ನು ಕೊಂಡದ್ದು 1989ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ. ಕಲ್ಕತ್ತದಲ್ಲಿ ತಯಾರಾದ, ಉಕ್ಕಿನ ತಂತಿಯ, ಜೇನುಬಣ್ಣದ ಗಿಟಾರ್. ಹಾಸ್ಟೆಲಿನ ಮೆಸ್ಸಿನ ದುಡ್ಡಿನಲ್ಲಿ ಉಳಿಸಿ ಕೊಂಡೆ ಎಂದು ಅವನು ಹೇಳಿದರೂ ಅಪ್ಪ ನಂಬಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಮಗ ಇಂಜಿನಿಯರ್ ಆಗುವುದೊಂದೇ ಧ್ಯಾನ. ವಾರಕ್ಕೊಂದು ಅಂಚೆ ಕಾರ್ಡು ಬರೆಯುತ್ತಿದ್ದರು. ಆರೋಗ್ಯ, ಹಾಲಿನ ಲೆಕ್ಕ, ಊರಿನ ಮಳೆ, ಕೊನೆಗೆ ಓದಿನ ಕಡೆ ಗಮನವಿರಲಿ ಎಂಬ ಸಾಲು. ಗಿಟಾರಿನ ಹೆಸರೆತ್ತುತ್ತಿರಲಿಲ್ಲ. ರಜೆಗೆ ಬಂದಾಗ ತಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ರಾಜನ್-ನಾಗೇಂದ್ರರ ಹಾಡುಗಳನ್ನು ಬಾರಿಸುತ್ತಿದ್ದ. ಅಪ್ಪ ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು, ಬಾಗಿಲು ಮುಚ್ಚುತ್ತಿರಲಿಲ್ಲ.

ತಮ್ಮ ಓದು ಮುಗಿಸಿದ, ಕೆಲಸಕ್ಕೂ ಸೇರಿದ. 1998ರಲ್ಲಿ ತೀರಿಕೊಂಡ. ಆಗ ಅವನಿಗೆ 28. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಗಿಟಾರ್ ಅಮ್ಮನ ವಶಕ್ಕೆ ಬಂತು. ಹಳೆಯ ಸೀರೆಯಿಂದ ಅದಕ್ಕೊಂದು ಗವಸು ಹೊಲಿದು ಅಟ್ಟದ ಮೇಲಿಟ್ಟಳು. ಪ್ರತಿ ವರ್ಷ ದಸರೆಗೆ ಕೆಳಗಿಳಿಸಿ ಒರೆಸಿ, ಗವಸು ಒಗೆದು, ಮತ್ತೆ ಮೇಲಿಡುತ್ತಿದ್ದಳು. ಅಪ್ಪ ಹೋದ ಮೇಲೂ ಇದು ತಪ್ಪಲಿಲ್ಲ.

ನನ್ನ ಮಗಳು ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮರುವಾರ ಅಜ್ಜಿಯನ್ನು ಕೇಳಿ ಅದನ್ನು ಇಳಿಸಿದಳು. ಹಳೆಯ ತಂತಿಗಳು ತುಕ್ಕು ಹಿಡಿದಿದ್ದವು. ಹೊಸದು ತಂದು ಹಾಕಿದೆವು. ಬಾರಿಸಲು ಕೂತರೆ ಬೆರಳು ಸುಲಿಯುತ್ತಿತ್ತು. ಹೊಸಬರಿಗೆ ಹಾಗೆಯೇ ಎಂದುಕೊಂಡು ಹದಿನೈದು ದಿನ ಹಟ ಹಿಡಿದಳು. ಆಮೇಲೆ ಒಂದು ದಿನ ನನ್ನ ಉಕ್ಕಿನ ಸ್ಕೇಲು ತಂದು 12ನೆಯ ಮೆಟ್ಟಿಲಿನ ಮೇಲೆ ನಿಲ್ಲಿಸಿ, ‘ಅಮ್ಮ, ಇಲ್ಲಿ ನೋಡು. ತಂತಿ ಐದು ಮಿಲಿಮೀಟರ್ ಮೇಲಿದೆ. ಎರಡೂವರೆ ಇರ್ಬೇಕಂತೆ’ ಎಂದಳು.

12ನೆಯ ಮೆಟ್ಟಿಲೆಂದರೆ ತಂತಿಯ ಸರಿಯಾಗಿ ಅರ್ಧ. ಅಲ್ಲಿ ಒತ್ತಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಅಲ್ಲಿ ತಂತಿ ಎಷ್ಟು ಎತ್ತರವಿದೆ ಎನ್ನುವುದು ಗಿಟಾರಿನ ನಾಡಿ ಹಿಡಿದು ನೋಡಿದಂತೆ. ಎತ್ತರ ಹೆಚ್ಚಾದರೆ ಒತ್ತುವುದು ಕಷ್ಟ. ಒತ್ತಿದಾಗ ತಂತಿ ಹೆಚ್ಚು ಎಳೆದು ಶ್ರುತಿಯೂ ಕೆಡುತ್ತದೆ. ಮುಂದೆ ಕುದುರೆಯ ಮೇಲಿರುವ ಬಿಳಿ ಪಟ್ಟಿಯನ್ನು ಉಜ್ಜಿ ತಗ್ಗಿಸುವುದು ಸುಲಭದ ಚಿಕಿತ್ಸೆ. ನಮ್ಮದರಲ್ಲಿ ಅದು ಆಗಲೇ ಸವೆದು ಹಲಗೆ ಮುಟ್ಟಿತ್ತು. ಕುದುರೆಯನ್ನು ಇನ್ನು ಇಳಿಸುವಂತಿಲ್ಲ ಎಂದಾದರೆ ಉಳಿದದ್ದು ಕತ್ತು. ವರ್ಷಗಟ್ಟಲೆ ಎಳೆತಕ್ಕೆ ಅದು ಮುಂದಕ್ಕೆ ವಾಲಿತ್ತು.

ಊರಿನಲ್ಲಿ ತೋರಿಸಿದ ಒಂದು ಅಂಗಡಿಯವರು ‘ಇದಕ್ಕೆ ಖರ್ಚು ಮಾಡ್ಬೇಡಿ, ಹೊಸದೇ ತಗೊಳ್ಳಿ’ ಎಂದರು. ವ್ಯಾಪಾರದ ದೃಷ್ಟಿಯಿಂದ ಅವರು ಹೇಳಿದ್ದು ಸರಿಯೇ. ಇನ್ನೊಬ್ಬರು ಕತ್ತಿನ ಹಿಮ್ಮಡಿಯ ಮೂಲಕ ಉದ್ದನೆಯ ಸ್ಕ್ರೂ ಹೊಡೆದು ಬಿಗಿದುಕೊಡುತ್ತೇನೆ, ಮೇಲೆ ಬಣ್ಣ ಬಳಿದರೆ ಗೊತ್ತಾಗುವುದಿಲ್ಲ ಎಂದರು. ಇದು ನಮ್ಮಲ್ಲಿ ಬಹಳ ನಡೆಯುವ ರಿಪೇರಿ. ವಾಲಿದ ಕತ್ತನ್ನು ವಾಲಿದಂತೆಯೇ ಮೊಳೆ ಹೊಡೆದು ನಿಲ್ಲಿಸಿದರೆ ಏನು ಪ್ರಯೋಜನ? ಮುಂದೆ ಯಾರಾದರೂ ಸರಿಯಾಗಿ ಮಾಡಲು ಹೊರಟರೆ ಆ ಸ್ಕ್ರೂವೇ ಶತ್ರು. ಮಗಳು ಬೇಡವೆಂದಳು.

ಬೆಂಗಳೂರಿನಲ್ಲಿ ಗಿಟಾರ್ ಕಟ್ಟುವ, ರಿಪೇರಿ ಮಾಡುವ ಒಬ್ಬರ ವಿಳಾಸ ಸಿಕ್ಕಿತು. ಅವರು ಕನ್ನಡಿ ಹಿಡಿದು ಒಳಗೆ ನೋಡಿ, ಹಿಮ್ಮಡಿಯ ಸುತ್ತ ಉಗುರಿನಿಂದ ತಟ್ಟಿ, ‘ಡವ್‌ಟೇಲೇ ಇದೆ ಮೇಡಂ. ಆದ್ರೆ ಒಂದ್ಸಲ ಯಾರೋ ಬಿಚ್ಚಿದಾರೆ’ ಎಂದರು. ಹಿಮ್ಮಡಿಯ ಅಂಚಿನಲ್ಲಿ ಪಾಲಿಷ್ ಒಂದು ಗೆರೆಯಷ್ಟು ಬೇರೆಯಾಗಿತ್ತು. ನಮಗೆ ಯಾರಿಗೂ ಅದುವರೆಗೆ ಕಂಡಿರಲಿಲ್ಲ. ಬಿಚ್ಚಿದವರು ಯಾವ ಅಂಟು ಹಾಕಿ ಮುಚ್ಚಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ ಎಂದು ವಿವರಿಸಿದರು. ಮರವಜ್ರವಾದರೆ ಹಬೆಗೆ ಸುಖವಾಗಿ ಬಿಡುತ್ತದೆ. ಬಿಳಿ ಫೆವಿಕಾಲ್ ಆದರೆ ಬಿಸಿಗೆ ಮೆತ್ತಗಾಗುತ್ತದೆ, ಸ್ವಲ್ಪ ಕಾಡಿಸುತ್ತದೆ. ಎರಡು ಟ್ಯೂಬು ಕಲಸಿ ಹಚ್ಚುವ ಇಪಾಕ್ಸಿಯಾಗಿದ್ದರೆ ಅಂಟಿಗಿಂತ ಮುಂಚೆ ಮರ ಸೀಳಬಹುದು. ‘ನಾನು ಗ್ಯಾರಂಟಿ ಕೊಡೋದಿಲ್ಲ. ಮನೆಯಲ್ಲಿ ಕೇಳ್ಕೊಂಡು ಹೇಳಿ.’

ಮನೆಯಲ್ಲಿ ಎಂದರೆ ಅಮ್ಮನನ್ನು. ಆ ದಿನ ಬೆಂಗಳೂರಿನ ಚಿಕ್ಕಮ್ಮನ ಮನೆಯಿಂದ ಫೋನು ಮಾಡಿದೆ. ಎಂಬತ್ತು ದಾಟಿದ ಹೆಂಗಸು. ಇಪ್ಪತ್ತೈದು ವರ್ಷಕ್ಕೂ ಮೀರಿ ಅದರ ಗವಸು ಒಗೆದವಳು. ಎಲ್ಲವನ್ನೂ ಇದ್ದಂತೆ ಹೇಳಿದೆ.

‘ಬಿಚ್ಚಿದ್ರೆ ಒಡೆದುಹೋಗುತ್ತಾ?’

‘ಹೋಗ್ಬಹುದು ಅಮ್ಮ.’

‘ಬಿಚ್ಚದಿದ್ರೆ?’

‘ಬಾರಿಸೋಕಾಗಲ್ಲ. ಹಂಗೇ ಇಟ್ಕೋಬಹುದು.’

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಯಾರ ಮನೆಯದೋ ಕುಕ್ಕರ್ ಕೂಗಿದ್ದು ಕೇಳಿಸಿತು. ‘ಇಟ್ಕೊಂಡು ಸಾಕಾಯ್ತು. ಬಿಚ್ಚೋಕೆ ಹೇಳು’ ಎಂದಳು.

ಬಿಚ್ಚುವ ಕೆಲಸ ನೋಡಲು ನಮ್ಮನ್ನೂ ಕರೆದರು. ಒಡಲಿನ ಮೇಲೆ ಚಾಚಿದ ಫಿಂಗರ್‌ಬೋರ್ಡಿನ ಭಾಗವನ್ನು ಇಸ್ತ್ರಿಪೆಟ್ಟಿಗೆಯಂಥ ಒಂದರಿಂದ ಬಿಸಿಮಾಡಿ, ತೆಳ್ಳನೆಯ ಚಾಕು ತೂರಿಸಿ ಮೊದಲು ಎಬ್ಬಿಸಿದರು. ಆ ಪಟ್ಟಿ ಬೀಟೆಮರದ್ದು. ನಮ್ಮ ಮಲೆನಾಡು, ಕೊಡಗಿನ ಕಡೆ ಬೆಳೆಯುವ ಇದೇ ಬೀಟೆ ಅಮೆರಿಕದ ಗಿಟಾರುಗಳ ಒಡಲಲ್ಲೂ ಇದೆ ಎಂದು ತಿಳಿದು ಮಗಳಿಗೆ ಹಿಗ್ಗು. ಬ್ರೆಜಿಲಿನ ಬೀಟೆಜಾತಿಯ ಮರ ಸಿಗುವುದು ಕಷ್ಟವಾದಾಗ, 1969ರ ಸುಮಾರಿಗೆ ಮಾರ್ಟಿನ್ ಕಾರ್ಖಾನೆಯವರು ಭಾರತದ ಬೀಟೆಗೆ ಬದಲಾಯಿಸಿಕೊಂಡರು. 2017ರಿಂದ ಈ ಇಡೀ ಜಾತಿಯ ಮರಗಳು ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟವು; ಸಿದ್ಧಪಡಿಸಿದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಆಮೇಲೆ 15ನೆಯ ಮೆಟ್ಟಿಲಿನ ಲೋಹದ ಪಟ್ಟಿ ಕಿತ್ತು, ಆ ಗೀರಿನಲ್ಲಿ ಸಣ್ಣ ತೂತು ಕೊರೆದರು. ಅದರ ಕೆಳಗೇ ಡವ್‌ಟೇಲಿನ ಗೂಡು ಇರುತ್ತದೆ. ತೂತಿಗೆ ಹಬೆ ಹಾಯಿಸಲು ಅವರು ಬಳಸಿದ್ದು ಏನೆಂದುಕೊಂಡಿರಿ? ಅಡಿಗೆಮನೆಯ ಪ್ರೆಷರ್ ಕುಕ್ಕರ್. ಸೀಟಿಯ ಜಾಗಕ್ಕೆ ಶಾಖ ತಡೆಯುವ ಕೊಳವೆ, ಕೊಳವೆಯ ತುದಿಗೆ ಸೂಜಿಯಂಥ ನಳಿಕೆ. ಹೊರದೇಶಗಳಲ್ಲೂ ಕೆಲವರು ಕುಕ್ಕರನ್ನೋ ಕಾಫಿ ಯಂತ್ರವನ್ನೋ ಬಳಸುತ್ತಾರಂತೆ. (ಮನೆಯಲ್ಲಿ ಇದನ್ನು ಮಾಡಿನೋಡುವ ಹುಡುಗರಿಗೆ ಒಂದು ಮಾತು: ಬೇಡ. ಹಬೆಯ ಸುಟ್ಟಗಾಯ ಎಣ್ಣೆಯದಕ್ಕಿಂತ ಕಡಿಮೆಯೇನಲ್ಲ.) ಐದು ನಿಮಿಷ ಏನೂ ಆಗಲಿಲ್ಲ. ಅವರು ಕತ್ತನ್ನು ಹಿಡಿದು ಹಗುರವಾಗಿ ಮೇಲಕ್ಕೆ ಕೆಳಕ್ಕೆ ಅಲುಗಿಸುತ್ತಲೇ ಇದ್ದರು. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಅವಳು ಹಾಗೆ ಕೈ ಹಿಡಿದು ಎಷ್ಟೋ ವರ್ಷವಾಗಿತ್ತು. ಆಮೇಲೆ ಒದ್ದೆ ಮರದ ಒಂದು ಸದ್ದು. ಹಿಮ್ಮಡಿಯ ಸುತ್ತ ಹಾಲಿನಂಥ ಬಿಳಿ ಅಂಟು ಒಸರಿತು. ‘ಫೆವಿಕಾಲ್. ಬಚಾವಾದ್ವಿ’ ಎಂದರು. ಕತ್ತು ಕೈಗೆ ಬಂತು.

ಪಾರಿವಾಳದ ಬಾಲದ ಎರಡು ಕೆನ್ನೆಗೂ ಕಾಗದದ ಪಟ್ಟಿ ಅಂಟಿತ್ತು. ಗೂಡು ಸಡಿಲವಾಗಿದ್ದಾಗ ಸಂದು ತುಂಬಲು ಹೀಗೆ ಏನಾದರೂ ಇಡುತ್ತಾರೆ. ತೆಳು ಮರದ ಚಕ್ಕೆ ಇಡುವುದು ಕ್ರಮ. ಇದು ಹಳದಿ ರಟ್ಟು. ಅವರು ಒದ್ದೆ ಬಟ್ಟೆಯಿಂದ ನೆನೆಸಿ ನಿಧಾನವಾಗಿ ಬಿಡಿಸಿ ಗಾಜಿನ ಮೇಲೆ ಹರಡಿದರು. ಅಂಚೆ ಕಾರ್ಡು. ಶಾಯಿ ಹರಡಿಹೋಗಿದ್ದರೂ ಒಂದು ಪಟ್ಟಿಯಲ್ಲಿ ‘ಮಳೆ ಚೆನ್ನಾಗಿ’ ಎಂಬುದು ಓದಲು ಬರುತ್ತಿತ್ತು. ಅಪ್ಪನ ಅಕ್ಷರ. ‘ಚ’ದ ಹೊಟ್ಟೆಯನ್ನು ಅವರು ಬರೆಯುತ್ತಿದ್ದ ರೀತಿ ನನಗೆ ಎಲ್ಲಿದ್ದರೂ ಗೊತ್ತಾಗುತ್ತದೆ.

ಹಾಸ್ಟೆಲಿನಲ್ಲಿ ಒಂದು ದಿನ ಕತ್ತು ಕಿತ್ತುಬಂದಿರಬೇಕು. ಕೈಗೆ ಸಿಕ್ಕ ಕಾರ್ಡು ಕತ್ತರಿಸಿ, ಸಂದಿಗೆ ಇಟ್ಟು, ಫೆವಿಕಾಲ್ ಸುರಿದು ಕೂರಿಸಿದ್ದಾನೆ. ಅವನು ಯಾರಿಗೂ ಹೇಳಿರಲಿಲ್ಲ. ‘ಮಾಮ ಮಾಡಿದ್ದಾ ಇದು?’ ಎಂದು ಮಗಳು ಕೇಳಿದಳು. ಅವಳು ಮಾಮನನ್ನು ನೋಡಿದವಳಲ್ಲ. ರಿಪೇರಿಯವರು ಆ ಕೆಲಸವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಕಲಿತವರಲ್ಲ, ಆದ್ರೆ ಕೈ ಚೆನ್ನಾಗಿದೆ. ಎರಡೂ ಕಡೆ ಸಮ ಕತ್ತರಿಸಿದಾರೆ’ ಎಂದರು. ನನಗೆ ಆಗ ಮಾತಾಡಲು ಆಗಲಿಲ್ಲ.

ಮುಂದಿನದು ಲೆಕ್ಕ, ಅದರಲ್ಲಿ ನನಗೆ ಧೈರ್ಯ ಬಂತು. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಜತೆಗೆ ಬರಬಹುದು. ನಮ್ಮ ಗಿಟಾರಿನ ತಂತಿಯ ಉದ್ದ 650 ಮಿಲಿಮೀಟರ್. ಕತ್ತು ಒಡಲು ಸೇರುವ 14ನೆಯ ಮೆಟ್ಟಿಲಿನಿಂದ ಕುದುರೆಗೆ ಸುಮಾರು 289. 12ನೆಯ ಮೆಟ್ಟಿಲಿನಲ್ಲಿ ತಂತಿ ಎರಡೂವರೆ ಮಿಲಿಮೀಟರ್ ಇಳಿಯಬೇಕು. ಅದು ತಂತಿಯ ನಡುಮಧ್ಯವಾದ್ದರಿಂದ ಕುದುರೆಯ ಬಳಿ ಇದರ ಎರಡರಷ್ಟು, ಅಂದರೆ 5 ಮಿಲಿಮೀಟರ್ ವ್ಯತ್ಯಾಸವಾಗಬೇಕು. ಕುದುರೆ ಇಳಿಯಲಾರದು, ಆದ್ದರಿಂದ ಕತ್ತು ಅಷ್ಟು ಹಿಂದಕ್ಕೆ ವಾಲಬೇಕು. 289ಕ್ಕೆ 5 ಎಂದರೆ ಕೋನ ಎಷ್ಟು? ಮಗಳು ಟ್ಯಾನ್ ಹಿಡಿದು ಹೇಳಿದಳು: ಒಂದು ಡಿಗ್ರಿ. ಮೂವತ್ತಕ್ಕೂ ಹೆಚ್ಚು ವರ್ಷ 70 ಕಿಲೋ ಎಳೆದೆಳೆದು ಆ ಮರ ಸೋತದ್ದು ಒಂದೇ ಒಂದು ಡಿಗ್ರಿ. ಹಿಮ್ಮಡಿಯ ಉದ್ದ 90 ಮಿಲಿಮೀಟರ್; ಅದೇ ಪ್ರಮಾಣದಲ್ಲಿ ತುದಿಯಲ್ಲಿ ತೆಗೆಯಬೇಕಾದ ಮರ ಒಂದೂವರೆ ಮಿಲಿಮೀಟರಿನಷ್ಟು, ಮೇಲಕ್ಕೆ ಬಂದಂತೆ ಸೊನ್ನೆ. ‘ಸದೃಶ ತ್ರಿಭುಜ ಎಲ್ಲಿಗೆ ಉಪಯೋಗ ಮಿಸ್’ ಎಂದು ಇಪ್ಪತ್ತೊಂಬತ್ತು ವರ್ಷ ಕೇಳಿಸಿಕೊಂಡವಳು ನಾನು. ಆ ಮಕ್ಕಳನ್ನೆಲ್ಲ ಅಲ್ಲಿ ಸಾಲಾಗಿ ನಿಲ್ಲಿಸಬೇಕೆನಿಸಿತು.

ಒಂದೂವರೆ ಮಿಲಿಮೀಟರ್ ತೆಗೆಯಲು ಅವರಿಗೆ ಒಂದು ದಿನ ಹಿಡಿಯಿತು. ಉಳಿಯಿಂದ ಸ್ವಲ್ಪ, ಮರಳು ಕಾಗದದಿಂದ ಸ್ವಲ್ಪ, ಮತ್ತೆ ಮತ್ತೆ ಕೂರಿಸಿ ನೋಡುವುದು, ನೇರ ಪಟ್ಟಿ ಇಟ್ಟು ಕುದುರೆಯವರೆಗೆ ಕಣ್ಣು ಹಾಯಿಸುವುದು. ಮರ ಹೋದಷ್ಟೂ ಡವ್‌ಟೇಲ್ ಸಡಿಲವಾಗುತ್ತದೆ, ಆದ್ದರಿಂದ ಕೆನ್ನೆಗಳಿಗೆ ಹೊಸ ಚಕ್ಕೆ ಬೇಕು. ಅಪ್ಪನ ಕಾರ್ಡನ್ನೇ ಮತ್ತೆ ಇಡಬಹುದೇ ಎಂದು ಮಗಳು ಕೇಳಿದಳು. ಕಾಗದ ಒತ್ತಿಹೋಗುತ್ತದೆ, ಗಟ್ಟಿ ಮರವೇ ಆಗಬೇಕು ಎಂದರು. ಕೆಲಸದ ವಿಷಯದಲ್ಲಿ ಅವರು ದಾಕ್ಷಿಣ್ಯಕ್ಕೆ ಬಗ್ಗಲಿಲ್ಲ. ನನಗೆ ಅದು ಮೆಚ್ಚಿಗೆಯಾಯಿತು. ಮರವಜ್ರ ಬಿಸಿಮಾಡಿ ಅಂಟಿಸಿದರು. ಮುಂದೆ ಮತ್ತೆ ಒಂದು ಡಿಗ್ರಿ ವಾಲುವ ಕಾಲಕ್ಕೆ ಬಿಚ್ಚುವವರಿಗೆ ಕಷ್ಟವಾಗದಿರಲಿ ಎಂದರು. ಈ ಮುಂದಾಲೋಚನೆಯೇ ಈಚಿನ ಕಾರ್ಖಾನೆಗಳಲ್ಲೂ ಬಂದಿದೆ. ಅಮೆರಿಕದ ಟೇಲರ್ ಕಂಪನಿಯವರು 1999ರಿಂದ ತಮ್ಮ ಅಕೌಸ್ಟಿಕ್ ಗಿಟಾರುಗಳಲ್ಲಿ ಕತ್ತನ್ನು ಬೋಲ್ಟಿನಿಂದ ಬಿಗಿದು, ಒಳಗೆ ತೆಳು ಬೆಣೆಯಂಥ ಚಕ್ಕೆ ಇಡುತ್ತಾರೆ. ಕೋನ ತಪ್ಪಿದರೆ ಬೋಲ್ಟು ಬಿಚ್ಚಿ ಬೇರೆ ಚಕ್ಕೆ ಇಟ್ಟರಾಯಿತು.

ತಂದೆ ತಾಯಂದಿರಿಗೆ ಒಂದೆರಡು ಉಪಯೋಗದ ಮಾತು. ಮಕ್ಕಳಿಗೆ ಮೊದಲ ಗಿಟಾರ್ ಕೊಳ್ಳುವಾಗ ಬಣ್ಣ ಅವರೇ ಆರಿಸಲಿ. ನೀವು ಒಂದು ಸ್ಕೇಲು ಒಯ್ಯಿರಿ. 12ನೆಯ ಮೆಟ್ಟಿಲಿನಲ್ಲಿ ದಪ್ಪ ತಂತಿಯ ಎತ್ತರ ಮೂರು ಮಿಲಿಮೀಟರಿಗಿಂತ ಬಹಳ ಹೆಚ್ಚಿದ್ದರೆ ಅಂಗಡಿಯವರಿಗೆ ತಗ್ಗಿಸಿಕೊಡಲು ಹೇಳಿ, ಅಥವಾ ಬೇರೆ ನೋಡಿ. ‘ನನ್ನ ಕೈಲಾಗಲ್ಲ’ ಎಂದು ಮೂರು ತಿಂಗಳಿಗೆ ಬಿಟ್ಟುಬಿಡುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕೈಯಲ್ಲಿ ದೋಷವಿರುವುದಿಲ್ಲ, ತಂತಿಯ ಎತ್ತರದಲ್ಲಿರುತ್ತದೆ. ಹಿಮ್ಮಡಿ ಒಡಲಿಗೆ ತಾಗುವಲ್ಲಿ ಕಾಗದ ತೂರುವಷ್ಟು ಸಂದು ಇದ್ದರೆ ಅದನ್ನು ಕೊಳ್ಳಬೇಡಿ. ವಿದ್ಯುತ್ ಗಿಟಾರಾದರೆ ಹಿಂದಿನ ನಾಲ್ಕು ಸ್ಕ್ರೂ ನೋಡಿ, ಕತ್ತನ್ನು ಪಕ್ಕಕ್ಕೆ ಮೆಲ್ಲಗೆ ಒತ್ತಿ ನೋಡಿ, ಅಲುಗಬಾರದು. ಮನೆಗೆ ತಂದ ಮೇಲೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಬೇಡಿ. ಅಂಟು ಮೆತ್ತಗಾಗಲು ಕುಕ್ಕರೇ ಬೇಕೆಂದಿಲ್ಲ.

ಮಗಳು ಈಗ ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ, ಗಿಟಾರ್ ಅವಳ ಜತೆಗಿದೆ. ಕಾರ್ಡಿನ ಪಟ್ಟಿಗಳನ್ನು ರಿಪೇರಿಯವರು ಒಂದು ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಅಮ್ಮ ಅದನ್ನು ಬ್ಯಾಂಕ್ ಪಾಸ್‌ಬುಕ್ಕಿನ ಒಳಗೆ ಇಟ್ಟುಕೊಂಡಿದ್ದಾಳೆ. ಪ್ರತಿ ತಿಂಗಳ ಮೊದಲ ಭಾನುವಾರ ಮಗಳು ಎತ್ತರ ಅಳೆದು ಫೋನಿನಲ್ಲಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ರಿಪೇರಿಯಾಗಿ ಬಂದಾಗ 2.5 ಇತ್ತು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುವುದರಿಂದ ಜುಲೈನಲ್ಲಿ 2.8 ಆಯಿತು, ಡಿಸೆಂಬರಿನಲ್ಲಿ ತಾನಾಗಿ ಇಳಿಯಿತು. ನಾನು ಬರೆದುಕೊಂಡು ಮುಗಿಸುವ ಮುಂಚೆಯೇ ಅಮ್ಮ ಪಕ್ಕದ ಕೋಣೆಯಿಂದ ಕೇಳುತ್ತಾಳೆ, ‘ಎಷ್ಟು ಬಂತಂತೆ?’